ಸೀಲು ಒಡೆಯುವ ಮೊದಲು ಓದಿ: ಕೂದಲು ಸುರುಳಿ ಮಾಡುವ ದುಬಾರಿ ಉಪಕರಣ ಕೊಂಡು ನಾನು ಮೋಸಹೋದ ಬಗೆ

ಕೂದಲಿಗೆ ಸುರುಳಿ ಹಾಕುವ ದುಬಾರಿ ಉಪಕರಣವನ್ನು ಕೊಳ್ಳಬೇಕೋ ಬೇಡವೋ ಎಂದು ಯೋಚಿಸುತ್ತಿರುವವರು ದಯವಿಟ್ಟು ಹಣ ಕಟ್ಟುವ ಮೊದಲು ಇದನ್ನು ಪೂರ್ತಿ ಓದಿ. ಐದು ತಿಂಗಳು ಕೂಡಿಟ್ಟ ಹಣವನ್ನು ನಾನು ಅದರ ಮೇಲೆ ಸುರಿದಿದ್ದೇನೆ. ಉಪಕರಣ ಬೀರುವಿನಲ್ಲಿ ಕುಳಿತಿದೆ, ಹಣ ವಾಪಸು ಬಂದಿಲ್ಲ, ನಡೆದದ್ದನ್ನು ಮನೆಯವರ ಮುಂದೆ ಹೇಳಿಕೊಳ್ಳಲು ನನಗೆ ಮೂರು ವಾರ ಹಿಡಿಯಿತು.

ಕಾದ ಲೋಹದ ಕೊಳವೆಗೆ ಕೂದಲನ್ನು ಕೈಯಿಂದ ಸುತ್ತುವ ಹಳೆಯ ಬಗೆಯ ಉಪಕರಣ ನನ್ನ ಬಳಿ ಮೊದಲೇ ಇತ್ತು. ಈಗ ಕೊಂಡದ್ದು ಬಿಸಿಗಾಳಿಯದು. ಕೊಳವೆಯನ್ನು ಹತ್ತಿರ ಹಿಡಿದರೆ ಕೂದಲು ತಾನಾಗಿಯೇ ಅದಕ್ಕೆ ಸುತ್ತಿಕೊಳ್ಳುತ್ತದೆ. ವೇಗವಾಗಿ ಹೊಮ್ಮುವ ಗಾಳಿ ಬಾಗಿದ ಮೈಗೆ ಅಂಟಿಕೊಂಡೇ ಹರಿಯುತ್ತದೆ ಎಂಬ ತತ್ತ್ವದ ಮೇಲೆ ಇದು ನಡೆಯುತ್ತದೆ. ಆ ತತ್ತ್ವವನ್ನು ಬಳಸಿ 1930ರ ದಶಕದಲ್ಲಿ ಪೇಟೆಂಟ್ ಪಡೆದ ರೊಮೇನಿಯಾದ ಎಂಜಿನಿಯರ್ ಹೆನ್ರಿ ಕೊಆಂಡಾ ಅವರ ಹೆಸರೇ ಅದಕ್ಕಿದೆ. ಮಳಿಗೆಯಲ್ಲಿ ಪ್ರಾತ್ಯಕ್ಷಿಕೆ ಕೊಟ್ಟಾಕೆ ಇದನ್ನೆಲ್ಲ ಸೊಗಸಾಗಿ ವಿವರಿಸಿದರು, ಅದರಲ್ಲಿ ಸುಳ್ಳೇನೂ ಇರಲಿಲ್ಲ. ಸುತ್ತಿಕೊಂಡ ಸುರುಳಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬ ಮಾತು ಬಂದಾಗ ಮಾತ್ರ ಸುಳ್ಳು ಶುರುವಾಯಿತು.

ನನ್ನ ಕೂದಲು ದಪ್ಪ, ನೇರ, ಸೊಂಟದವರೆಗೆ ಇಳಿಯುವಂಥದ್ದು. ಇದಕ್ಕೆ ಆಗುತ್ತದೆಯೇ ಎಂದು ನಾನು ಮೂರು ಸಲ ಕೇಳಿದೆ. ಮೂರು ಸಲವೂ ‘ಎಲ್ಲ ಬಗೆಯ ಕೂದಲಿಗೂ ಆಗುತ್ತದೆ, ಸಂಜೆಯವರೆಗೆ ಅಲುಗುವುದಿಲ್ಲ’ ಎಂದರು. ಆಗದಿದ್ದರೆ ಏನು ಮಾಡಲಿ ಎಂದೂ ಕೇಳಿದೆ. ‘ಮೂವತ್ತು ದಿನದೊಳಗೆ ವಾಪಸು ಕೊಡಬಹುದು, ಚಿಂತೆಯೇ ಬೇಡ’ ಎಂದರು. ಚಿಂತೆಯೇ ಬೇಡ ಎಂಬ ಆ ಮಾತು ಈಗಲೂ ಕಿವಿಯಲ್ಲಿದೆ.

ಮೊದಲ ದಿನ ಕೈಪಿಡಿಯಲ್ಲಿ ಬರೆದಂತೆ ಕೂದಲನ್ನು ಅರೆಬರೆ ಒಣಗಿಸಿ, ಎಳೆ ಎಳೆಯಾಗಿ ಬಿಡಿಸಿ, ಒಂದೂವರೆ ಗಂಟೆ ಕನ್ನಡಿಯ ಮುಂದೆ ಕುಳಿತೆ. ಸುರುಳಿ ಬಿತ್ತು, ಚೆನ್ನಾಗಿಯೇ ಬಿತ್ತು. ಬಟ್ಟೆ ಬದಲಿಸಿ ಹೊರಡುವಷ್ಟರಲ್ಲಿ ತುದಿಗಳು ಬಿಚ್ಚಿಕೊಂಡಿದ್ದವು. ಮಧ್ಯಾಹ್ನದ ಹೊತ್ತಿಗೆ ಬಾಚದೆ ಬಿಟ್ಟ ಕೂದಲಿನಂತೆ ಕಾಣುತ್ತಿತ್ತು. ಎಂಟು ದಿನ ಪ್ರಯತ್ನಿಸಿದೆ. ಎಂಟು ದಿನವೂ ಇದೇ ಕಥೆ.

ಹೀಗೇಕೆ ಎಂದು ಆಮೇಲೆ ತಿಳಿದುಕೊಂಡೆ. ಕೊಳ್ಳುವ ಮೊದಲೇ ತಿಳಿದುಕೊಳ್ಳಬೇಕಿತ್ತು. ಕೂದಲು ಕೆರಾಟಿನ್ ಎಂಬ ಪ್ರೋಟೀನಿನದು. ಅದರೊಳಗಿನ ಹೈಡ್ರೋಜನ್ ಬಂಧಗಳು ನೀರು ಮತ್ತು ಬಿಸಿ ತಾಗಿದಾಗ ಸಡಿಲವಾಗಿ, ಒಣಗಿ ತಣಿಯುವಾಗ ಹೊಸ ಆಕಾರದಲ್ಲಿ ಕೂಡಿಕೊಳ್ಳುತ್ತವೆ. ಸುರುಳಿ ಎಂದರೆ ಇಷ್ಟೇ. ಗಾಳಿಯಲ್ಲಿ ತೇವ ಹೆಚ್ಚಿದರೆ ಆ ಬಂಧಗಳು ಮತ್ತೆ ಸಡಿಲಗೊಂಡು ಕೂದಲು ತನ್ನ ಹಳೆಯ ಆಕಾರಕ್ಕೆ ಮರಳುತ್ತದೆ. ನಾನು ಕೊಂಡ ಉಪಕರಣದ ಗಾಳಿ 150 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ ಎಂದು ಅದರ ಕೈಪಿಡಿಯೇ ಹೇಳುತ್ತದೆ, ಲೋಹದ ಕೊಳವೆಯ ಉಪಕರಣಗಳಾದರೆ 200 ಡಿಗ್ರಿಯವರೆಗೂ ಕಾಯುತ್ತವೆ. ಕಡಿಮೆ ಬಿಸಿಯಿಂದ ಕೂದಲು ಹಾಳಾಗುವುದು ಕಡಿಮೆ ಎಂಬುದನ್ನು ನಾನು ಒಪ್ಪುತ್ತೇನೆ. ಒದ್ದೆ ಕೂದಲಿಗೆ ಕಾದ ಲೋಹ ತಾಗಿಸಿದರೆ ಒಳಗಿನ ನೀರು ಕುದಿದು ಎಳೆಯಲ್ಲಿ ಗುಳ್ಳೆಗಳೇಳುತ್ತವೆ, ಅಂಥ ಕೂದಲು ಮುಟ್ಟಿದರೆ ಮುರಿಯುತ್ತದೆ. ಆದರೆ ನನ್ನಂಥ ಭಾರದ ನೇರ ಕೂದಲಿನಲ್ಲಿ ಮೆಲುಬಿಸಿಯ ಸುರುಳಿ ತನ್ನ ತೂಕಕ್ಕೇ ಜಗ್ಗಿ ಬಿಚ್ಚಿಕೊಳ್ಳುತ್ತದೆ. ದಿನಕ್ಕೆ ಹತ್ತು ತಲೆಗೆ ಸುರುಳಿ ಹಾಕುವಾಕೆಗೆ ಇದು ತಿಳಿಯದೆ ಇರುತ್ತದೆಯೇ?

ತಿಳಿದಿತ್ತು. ಅದು ನನಗೆ ಗೊತ್ತಾದದ್ದು ಒಂಬತ್ತನೆಯ ದಿನ ರಾತ್ರಿ. ತಂಗಿಗೆ ತೋರಿಸಲೆಂದು ಪ್ರಾತ್ಯಕ್ಷಿಕೆಯನ್ನು ಫೋನಿನಲ್ಲಿ ಚಿತ್ರಿಸಿಕೊಂಡಿದ್ದೆ. ನಾನೇನು ತಪ್ಪು ಮಾಡುತ್ತಿದ್ದೇನೆ ಎಂದು ನೋಡಲು ಅದನ್ನು ಮತ್ತೆ ಹಾಕಿದೆ. ಉಪಕರಣ ಹಿಡಿಯುವ ಮೊದಲು ಆಕೆ ಪಕ್ಕದ ಡಬ್ಬಿಯಿಂದ ಸುರುಳಿ ಬಿಚ್ಚದಂತೆ ಹಿಡಿದಿಡುವ ಬಿಳಿ ನೊರೆಯನ್ನು ನಿಂಬೆ ಗಾತ್ರದಷ್ಟು ಅಂಗೈಗೆ ಒತ್ತಿಕೊಂಡು, ನನ್ನೊಂದಿಗೆ ಮಾತನಾಡುತ್ತಲೇ, ರೂಪದರ್ಶಿಯ ಕೂದಲಿಗೆ ಬುಡದಿಂದ ತುದಿಯವರೆಗೆ ಸವರಿದರು. ಕೊಳವೆಯಿಂದ ಬಿಡಿಸಿದ ಪ್ರತಿಯೊಂದು ಸುರುಳಿಯನ್ನೂ ಪಿನ್ನಿನಿಂದ ತಲೆಗೆ ಒತ್ತಿ ತಣಿಯಲು ಬಿಟ್ಟರು. ಕೊನೆಗೆ ಮೂರು ಸುತ್ತು ಸ್ಪ್ರೇ. ಹನ್ನೊಂದು ಸೆಕೆಂಡುಗಳ ಆ ನೊರೆಯ ಭಾಗವನ್ನು ನಾನು ಮತ್ತೆ ಮತ್ತೆ ನೋಡಿದೆ. ಮಾತಿನಲ್ಲಿ ನನ್ನ ಗಮನ ಹಿಡಿದಿಟ್ಟು ನನ್ನ ಕಣ್ಣೆದುರೇ ಕಣ್ಣಿಗೆ ಮಣ್ಣೆರಚಿದ್ದರು. ಅಂದು ಮೈಯೆಲ್ಲ ಉರಿದುಹೋಯಿತು, ನಾಚಿಕೆಯಿಂದ ನಿದ್ದೆ ಬರಲಿಲ್ಲ.

ಮರುದಿನವೇ ವಾಪಸಾತಿಗೆ ಬರೆದೆ. ಮೊದಲ ಉತ್ತರ: ‘ನೀವು ಬಳಸುವ ಕ್ರಮ ಸರಿಯಿಲ್ಲದಿರಬಹುದು, ದಯವಿಟ್ಟು ನಮ್ಮ ವಿಡಿಯೊಗಳನ್ನು ನೋಡಿ.’ ನೋಡಿದ್ದೇನೆ ಎಂದು ಬರೆದೆ. ಎರಡನೆಯದು: ‘ಫಲಿತಾಂಶವು ಗ್ರಾಹಕರ ಕೂದಲಿನ ಗುಣವನ್ನು ಅವಲಂಬಿಸಿರುತ್ತದೆ.’ ಎಲ್ಲ ಬಗೆಯ ಕೂದಲಿಗೂ ಆಗುತ್ತದೆ ಎಂದವರು ನೀವೇ ಅಲ್ಲವೇ ಎಂದು ಕೇಳಿದೆ, ಅದಕ್ಕೆ ಉತ್ತರವಿಲ್ಲ. ನಾಲ್ಕು ದಿನಗಳ ನಂತರ ಮೂರನೆಯದು ಬಂತು: ‘ಇದು ವೈಯಕ್ತಿಕ ಸ್ವಚ್ಛತೆಗೆ ಸಂಬಂಧಿಸಿದ ವಸ್ತುವಾದ್ದರಿಂದ ಸೀಲು ಒಡೆದ ಪೆಟ್ಟಿಗೆಯನ್ನು ಹಿಂಪಡೆಯಲಾಗದು.’ ರಸೀದಿಯ ಹಿಂಬದಿಯಲ್ಲಿ ಇರುವೆಸಾಲಿನಂಥ ಅಕ್ಷರಗಳಲ್ಲಿ ಅದು ನಿಜವಾಗಿಯೂ ಇತ್ತು. ಸೀಲು ಒಡೆಯದೆ ನನ್ನ ಕೂದಲಿಗೆ ಆಗುತ್ತದೋ ಇಲ್ಲವೋ ಎಂದು ನಾನು ನೋಡುವುದಾದರೂ ಹೇಗೆ? ಇದನ್ನು ಎರಡು ಸಲ ಬರೆದು ಕೇಳಿದೆ. ಆಗ ಮೂಗಿಗೆ ತುಪ್ಪ ಸವರುವಂತೆ, ದಪ್ಪ ಕೂದಲಿನ ಇನ್ನೊಂದು ಕೊಳವೆಯನ್ನು ರಿಯಾಯಿತಿ ದರದಲ್ಲಿ ಕೊಡುವುದಾಗಿ ಹೇಳಿದರು. ಎಲ್ಲ ಬಗೆಯ ಕೂದಲಿಗೂ ಆಗುವ ಉಪಕರಣಕ್ಕೆ ದಪ್ಪ ಕೂದಲಿನದೊಂದು ಬೇರೆ ಕೊಳವೆ!

ನಿಮ್ಮದು ತೆಳುವಾದ ಅಥವಾ ಸಹಜವಾಗಿ ಅಲೆಯಿರುವ ಕೂದಲಾಗಿದ್ದರೆ ನಿಮಗಿದು ಒಗ್ಗೀತು. ಯಾರೇ ಆಗಲಿ, ನೊರೆಯಿಲ್ಲದೆ, ಸ್ಪ್ರೇ ಇಲ್ಲದೆ, ನಿಮ್ಮದೇ ತಲೆಯ ಮೇಲೆ ಹಾಕಿಸಿಕೊಂಡು ಸಂಜೆಯವರೆಗೆ ಕಾಯಿರಿ. ಸೀಲು ಒಡೆದ ಮೇಲೂ ಹಣ ವಾಪಸು ಕೊಡುತ್ತೇವೆಂದು ಬರಹದಲ್ಲಿ ಪಡೆಯಿರಿ. ಬರೆದುಕೊಡಲು ಹಿಂಜರಿದರೆ ಎದ್ದು ಬನ್ನಿ.

ಮೊನ್ನೆ ನನ್ನ ದೂರನ್ನು ‘ಪರಿಹರಿಸಲಾಗಿದೆ’ ಎಂದು ಗುರುತಿಸಿ ಮುಚ್ಚಿಬಿಟ್ಟಿದ್ದಾರೆ. ಆ ಹನ್ನೊಂದು ಸೆಕೆಂಡುಗಳ ವಿಡಿಯೊವನ್ನು ಲಗತ್ತಿಸಿ ನಿನ್ನೆ ಮತ್ತೆ ಬರೆದಿದ್ದೇನೆ. ಈವರೆಗೆ ಉತ್ತರ ಬಂದಿಲ್ಲ.