ಫ್ರಾಂಚೈಸಿಗೆ ದುಡ್ಡು ಕಟ್ಟುವ ಮುಂಚೆ ಓದಿ: ಅವರ ಪಾಲು ವ್ಯಾಪಾರದ ಮೇಲೆ, ನಿಮ್ಮ ಪಾಲು ಉಳಿದರೆ ಮಾತ್ರ

ಫ್ರಾಂಚೈಸಿ ತೆಗೆದುಕೊಳ್ಳೋಣವಾ ಬೇಡವಾ ಅಂತ ಯೋಚಿಸುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ನಾನು ಮತ್ತು ನನ್ನ ಅಕ್ಕ ಸೇರಿ ಒಂದು ಲಾಂಡ್ರಿ ಕಂಪನಿಯ ಫ್ರಾಂಚೈಸಿ ನಡೆಸುತ್ತಿದ್ದೆವು. ಅಂಗಡಿ ಈಗ ಮುಚ್ಚಿದೆ. ಸಾಲ ಇನ್ನೂ ತೀರಿಲ್ಲ. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಅದೊಂದನ್ನು ಬಿಟ್ಟು ಇನ್ನೊಂದರ ಹತ್ತಿರ ಹೋಗಿ, ಇಂಥದ್ದೇ ಅಗ್ರಿಮೆಂಟಿಗೆ ಸಹಿ ಹಾಕುವವರು ಇರುತ್ತಾರೆ. ದುಡ್ಡು ಯಾರಿಂದ ಯಾರಿಗೆ, ಯಾವಾಗ ಹೋಗುತ್ತದೆ ಅನ್ನುವುದು ಗೊತ್ತಾದರೆ ಯಾವ ಕಂಪನಿಯನ್ನಾದರೂ ಅಳೆಯಬಹುದು.

ಕಂಪನಿಗೆ ನಿಮ್ಮಿಂದ ಆದಾಯ ಬರುವ ದಾರಿಗಳು ಇವು. ಶುರುವಿನಲ್ಲೇ ಕಟ್ಟುವ ಫ್ರಾಂಚೈಸಿ ಶುಲ್ಕ, ಸಾಮಾನ್ಯವಾಗಿ ಇದು ವಾಪಸ್ ಬರುವುದಿಲ್ಲ. ತಿಂಗಳು ತಿಂಗಳು ರಾಯಲ್ಟಿ, ಅಂದರೆ ಅವರ ಹೆಸರು ಬಳಸುವುದಕ್ಕೆ ಕಟ್ಟುವ ಪಾಲು. ಜಾಹೀರಾತಿಗೆ ಅಂತ ಬೇರೆ ಪಾಲು. ಮೇಲೆ, ಅವರಿಂದಲೇ ಕೊಳ್ಳಬೇಕಾದ ಮೆಷಿನ್ನು, ಸಾಮಾನು. ಇವುಗಳಲ್ಲಿ ಒಂದಾದರೂ ನಿಮ್ಮ ಲಾಭವನ್ನು ನೋಡಿಕೊಂಡು ಬರುವುದಿಲ್ಲ. ಹೆಚ್ಚಿನ ಅಗ್ರಿಮೆಂಟುಗಳಲ್ಲಿ ರಾಯಲ್ಟಿ ಲೆಕ್ಕ ಹಾಕುವುದು ಒಟ್ಟು ವ್ಯಾಪಾರದ ಮೇಲೆ. ನಿಮಗೆ ನಷ್ಟವಾದ ತಿಂಗಳಲ್ಲೂ ಅದು ಹೋಗಲೇಬೇಕು.

ಇದು ನಮಗೆ ಹೇಗೆ ಪೆಟ್ಟು ಕೊಟ್ಟಿತು ಅಂತ ಹೇಳುತ್ತೇನೆ. ಸುಲಭವಾಗಲಿ ಅಂತ ನೂರರ ಲೆಕ್ಕದಲ್ಲಿ ಬರೆಯುತ್ತೇನೆ. ತಿಂಗಳ ವ್ಯಾಪಾರ 100 ಅಂತಿಟ್ಟುಕೊಳ್ಳಿ. ರಾಯಲ್ಟಿ 6, ಜಾಹೀರಾತಿಗೆ 2. ಬಾಡಿಗೆ 22, ಸಂಬಳ 28, ಸೋಪು ಮತ್ತಿತರ ಸಾಮಾನು 20, ಕರೆಂಟು ನೀರು 10. ಒಟ್ಟು 88. ಉಳಿಯುವುದು 12. ಅದರಲ್ಲೇ ಸಾಲದ ಕಂತು ಕಟ್ಟಬೇಕು.

ಈಗ ಕಂಪನಿಯವರು ತಮ್ಮ ಆಪ್‌ನಲ್ಲಿ ಶೇ. 20 ರಿಯಾಯಿತಿ ಹಾಕುತ್ತಾರೆ. ನಿಮ್ಮನ್ನು ಕೇಳುವುದಿಲ್ಲ, ಬೆಲೆ ನಿಗದಿ ಮಾಡುವ ಹಕ್ಕು ಅವರದ್ದು ಅಂತ ಅಗ್ರಿಮೆಂಟಿನಲ್ಲೇ ಇರುತ್ತದೆ. ಗಿರಾಕಿಗಳು ಬರುತ್ತಾರೆ, ನಿಜ. ಬಟ್ಟೆ ಒಂದೂವರೆ ಪಟ್ಟು ಆಯಿತು ಅನ್ನಿ. ವ್ಯಾಪಾರ 120ಕ್ಕೆ ಏರುತ್ತದೆ. ರಾಯಲ್ಟಿ 6 ಇದ್ದದ್ದು 7.2 ಆಗುತ್ತದೆ. ಜಾಹೀರಾತು 2.4. ಬಟ್ಟೆ ಜಾಸ್ತಿಯಾದ್ದರಿಂದ ಸಾಮಾನು 30, ಕರೆಂಟು ನೀರು 15. ಓವರ್‌ಟೈಮ್ ಸೇರಿ ಸಂಬಳ 34. ಬಾಡಿಗೆ ಅದೇ 22. ಖರ್ಚು 110.6. ಉಳಿದದ್ದು 9.4. ನೀವು ಮುಂಚಿಗಿಂತ ಜಾಸ್ತಿ ದುಡಿದಿದ್ದೀರಿ, ಮೆಷಿನ್ನು ಜಾಸ್ತಿ ಸವೆದಿದೆ, ಕೈಗೆ ಬಂದದ್ದು ಕಡಿಮೆ. ಕಂಪನಿಯ ಪಾಲು ಮಾತ್ರ ಏರಿದೆ. ನಮ್ಮ ಅಂಕಿಗಳು ಇವೇ ಅಲ್ಲ, ಆದರೆ ನಡೆದದ್ದು ಹೀಗೇ. ರಿಯಾಯಿತಿ ಇದ್ದ ತಿಂಗಳುಗಳಲ್ಲಿ ಕಂಪನಿಯಿಂದ ನಮಗೆ ಅಭಿನಂದನೆಯ ಮೇಲ್ ಬರುತ್ತಿತ್ತು. ಅದೇ ತಿಂಗಳು ಕಂತು ಕಟ್ಟೋಕೆ ಅಕ್ಕ ತನ್ನ ಉಳಿತಾಯಕ್ಕೆ ಕೈ ಹಾಕುತ್ತಿದ್ದಳು.

ಹಾಗಾಗಿ ಮಾತುಕತೆಯಲ್ಲಿ ಮೊದಲು ಕೇಳಬೇಕಾದದ್ದು ಇದು: ಬೆಲೆ ಯಾರು ನಿರ್ಧರಿಸುತ್ತಾರೆ? ರಿಯಾಯಿತಿ ಕೊಟ್ಟಾಗ ಆ ನಷ್ಟದಲ್ಲಿ ಕಂಪನಿಯ ಪಾಲೆಷ್ಟು? ರಾಯಲ್ಟಿ ಯಾವುದರ ಮೇಲೆ? ಕನಿಷ್ಠ ರಾಯಲ್ಟಿ ಅಂತ ಬೇರೆ ಇದೆಯಾ? ಫೋನಿನಲ್ಲಿ ಸಿಹಿಯಾಗಿ ಹೇಳುತ್ತಾರೆ. ಮೇಲ್‌ನಲ್ಲಿ ಬರೆಸಿಕೊಳ್ಳಿ.

ಇನ್ನು ಅವರು ತೋರಿಸುವ ಲೆಕ್ಕದ ಹಾಳೆ. ನಮಗೂ ಒಂದು ಎಕ್ಸೆಲ್ ಕಳಿಸಿದ್ದರು. ಬಂಡವಾಳ ಎಷ್ಟು ತಿಂಗಳಲ್ಲಿ ವಾಪಸ್ ಬರುತ್ತದೆ ಅನ್ನುವುದು ಕೊನೆಯ ಸಾಲಿನಲ್ಲಿ ಹಸಿರು ಬಣ್ಣದಲ್ಲಿ ಎದ್ದು ಕಾಣುತ್ತಿತ್ತು. ಆದರೆ ಅದರಲ್ಲಿ ಸಾಲದ ಬಡ್ಡಿಯ ಸಾಲೇ ಇರಲಿಲ್ಲ. ಮೆಷಿನ್ ರಿಪೇರಿ ಇರಲಿಲ್ಲ. ದಿನವಿಡೀ ಕೌಂಟರಿನಲ್ಲಿ ನಿಲ್ಲುವ ಮಾಲೀಕರಿಗೆ ಸಂಬಳ ಅನ್ನುವುದೂ ಇರಲಿಲ್ಲ. ಅಂದರೆ ಅಕ್ಕನ ದುಡಿಮೆಯನ್ನು ಬಿಟ್ಟಿ ಅಂತ ಹಿಡಿದು, ಅದನ್ನೇ ಲಾಭ ಅಂತ ತೋರಿಸಿದ್ದರು. ಮೊದಲ ತಿಂಗಳಿಂದಲೇ ಮೆಷಿನ್ನುಗಳು ಮುಕ್ಕಾಲು ಭಾಗ ತುಂಬಿ ಓಡುತ್ತವೆ ಅಂತ ಲೆಕ್ಕ. ಯಾವ ಹೊಸ ಅಂಗಡಿ ಹಾಗೆ ಓಡುತ್ತದೆ ಹೇಳಿ?

ಆಮೇಲೆ ಈ ಹಾಳೆಯನ್ನು ಮುಂದಿಟ್ಟು ಕೇಳಿದಾಗ ಅವರು ಅಗ್ರಿಮೆಂಟಿನ ಒಂದು ಷರತ್ತು ತೋರಿಸಿದರು. ಈ ಕರಾರಿನಲ್ಲಿ ಬರೆದಿರುವುದು ಬಿಟ್ಟು ಬೇರೆ ಯಾವ ಮಾತನ್ನೂ, ಅಂದಾಜನ್ನೂ ನಂಬಿ ಸಹಿ ಹಾಕಿಲ್ಲ ಅಂತ ನಮ್ಮಿಂದಲೇ ಬರೆಸಿಕೊಂಡಿದ್ದ ಷರತ್ತು ಅದು. ಇದು ಬಹಳ ಕಡೆ ಇರುವ ಷರತ್ತು. ತೋರಿಸಿದ ಹಾಳೆಗೆ ಕಂಪನಿ ಹೊಣೆಯಾಗದಿರಲಿ ಅಂತಲೇ ಅದನ್ನು ಹಾಕಿರುತ್ತಾರೆ. ಹಾಳೆ ನಿಜವೇ ಆಗಿದ್ದರೆ ಅದನ್ನು ಅಗ್ರಿಮೆಂಟಿಗೆ ಲಗತ್ತಿಸಿ ಅಂತ ಕೇಳಿ. ಅವರು ಏನು ಉತ್ತರ ಕೊಡುತ್ತಾರೋ ನೋಡಿ.

ಸಾಮಾನಿನ ಕಥೆ ಇನ್ನೊಂದು. ಸೋಪಿನ ದ್ರಾವಣವನ್ನು ಕಂಪನಿಯಿಂದಲೇ ತರಿಸಬೇಕು, ಗುಣಮಟ್ಟ ಕಾಪಾಡಲು ಅಂತ. ಒಮ್ಮೆ ನೀರು ಬಿದ್ದು ಒಂದು ಕ್ಯಾನಿನ ಮೇಲಿನ ಸ್ಟಿಕರ್ ಅರ್ಧ ಕಿತ್ತು ಬಂತು. ಕೆಳಗೆ ಬೇರೆ ತಯಾರಕರ ಲೇಬಲ್, ಬ್ಯಾಚ್ ನಂಬರಿನ ಸಮೇತ. ಅದೇ ದ್ರಾವಣ ಸಗಟು ಮಾರುಕಟ್ಟೆಯಲ್ಲಿ ನಾವು ಕೊಡುತ್ತಿದ್ದ ಬೆಲೆಯ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತಿತ್ತು. ಹೊರಗಿಂದ ತಂದರೆ ಅಗ್ರಿಮೆಂಟ್ ರದ್ದು. ಒಂದೇ ಕಡೆ ಕೊಳ್ಳಿ ಅನ್ನುವುದರಲ್ಲಿ ತಪ್ಪಿಲ್ಲ, ಎಲ್ಲ ಅಂಗಡಿಯಲ್ಲೂ ಕೆಲಸ ಒಂದೇ ಥರ ಇರಬೇಕಲ್ವಾ. ಆದರೆ ಬೆಲೆಗೆ ಒಂದು ಮಿತಿ ಬರೆದಿರಬೇಕು. ಇಲ್ಲದಿದ್ದರೆ ಅದು ಹೆಸರಿಲ್ಲದ ಇನ್ನೊಂದು ರಾಯಲ್ಟಿ.

ನಿಮ್ಮ ಏರಿಯಾದಲ್ಲಿ ಬೇರೆಯವರಿಗೆ ಕೊಡಲ್ಲ ಅನ್ನುವ ಮಾತನ್ನೂ ಪರೀಕ್ಷಿಸಿ. ನಮ್ಮ ಅಗ್ರಿಮೆಂಟಿನಲ್ಲಿ ಇದ್ದದ್ದು ಬೇರೆ ಅಂಗಡಿ ತೆರೆಯುವುದಿಲ್ಲ ಅಂತ ಅಷ್ಟೇ. ಕಂಪನಿಯ ವ್ಯಾನು ಆಪ್ ಆರ್ಡರ್ ಹಿಡಿದು ನಮ್ಮ ಬೀದಿಗೇ ಬಂದು ಬಟ್ಟೆ ಒಯ್ಯುತ್ತಿತ್ತು.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಕೆಲಸ, ಮುಚ್ಚಿದವರನ್ನು ಹುಡುಕಿ ಮಾತಾಡಿಸುವುದು. ಕಂಪನಿಯವರು ಕೊಟ್ಟ ನಂಬರುಗಳಿಗೆ ಫೋನ್ ಮಾಡಿದರೆ ಎಲ್ಲರೂ ಚೆನ್ನಾಗಿದೆ ಅಂದರು. ಅವರಲ್ಲಿ ಒಬ್ಬರು ಕಂಪನಿಯ ಮ್ಯಾನೇಜರ ಹತ್ತಿರದ ಸಂಬಂಧಿ ಅಂತ ಆಮೇಲೆ ಗೊತ್ತಾಯಿತು. ನಮಗಿಂತ ಮುಂಚೆ ಮುಚ್ಚಿದವರ ಹೆಸರು ಆ ಪಟ್ಟಿಯಲ್ಲಿ ಇರಲೇ ಇಲ್ಲ. ಅವರಲ್ಲೊಬ್ಬರು ತಾವಾಗಿಯೇ ಅಂಗಡಿಗೆ ಬಂದು ಅಕ್ಕನ ಹತ್ತಿರ ಮಾತಾಡಿದರು. ಅದೇ ರಿಯಾಯಿತಿ, ಅದೇ ಕ್ಯಾನು, ಅದೇ ವ್ಯಾನು. ಹೊರಗೆ ಹೇಳಬಾರದು ಅಂತ ಸಹಿ ಮಾಡಿಸಿಕೊಂಡಿದ್ದಾರೆ ಅಂತಲೂ ಹೇಳಿದರು.

ಕೆಲವು ದೇಶಗಳಲ್ಲಿ ಕಾನೂನು ಈ ಮಾಹಿತಿಯನ್ನು ಕಡ್ಡಾಯ ಮಾಡಿದೆ. ಅಮೆರಿಕದಲ್ಲಿ ಸಹಿಗೆ ಅಥವಾ ದುಡ್ಡು ಕಟ್ಟುವುದಕ್ಕೆ ಕನಿಷ್ಠ 14 ದಿನ ಮುಂಚೆ ಕಂಪನಿ 23 ಅಂಶಗಳ ಮಾಹಿತಿ ದಾಖಲೆ ಕೊಡಬೇಕು. ಅದರ 3ನೇ ಅಂಶದಲ್ಲಿ ಕಂಪನಿಯ ಮೇಲಿನ ಮೊಕದ್ದಮೆಗಳು. 20ನೇ ಅಂಶದಲ್ಲಿ ತೆರೆದ, ಮುಚ್ಚಿದ, ಕೈ ಬದಲಾದ ಅಂಗಡಿಗಳ ಲೆಕ್ಕ, ಹಿಂದಿನ ಹಣಕಾಸು ವರ್ಷದಲ್ಲಿ ಬಿಟ್ಟುಹೋದವರ ಹೆಸರು ಮತ್ತು ಸಂಪರ್ಕ ವಿವರ, ಬಾಯಿ ಮುಚ್ಚಿಸುವ ಷರತ್ತು ಇದ್ದರೆ ಅದೂ. ಗಳಿಕೆಯ ಅಂಕಿಅಂಶದ 19ನೇ ಅಂಶ ಮಾತ್ರ ಅಲ್ಲೂ ಕಡ್ಡಾಯವಲ್ಲ. ಆದರೆ ಅಂಕಿ ಹೇಳುವುದಾದರೆ ಅದಕ್ಕೆ ಆಧಾರ ಇರಬೇಕು. ಫ್ರಾನ್ಸ್‌ನಲ್ಲಿ 1989ರ ಕಾನೂನಿನ ಪ್ರಕಾರ 20 ದಿನ ಮುಂಚೆ ಮಾಹಿತಿ ಕೊಡಬೇಕು. ಭಾರತದಲ್ಲಿ ಫ್ರಾಂಚೈಸಿಗೆ ಅಂತಲೇ ಪ್ರತ್ಯೇಕ ಕಾಯ್ದೆ ಇಲ್ಲ, ಮುಖ್ಯವಾಗಿ 1872ರ ಕರಾರು ಕಾಯ್ದೆ ಮತ್ತು ನೀವು ಸಹಿ ಹಾಕಿದ ಕಾಗದವೇ ಆಧಾರ. ಕಾನೂನು ಇಲ್ಲದ ಕಡೆಯೂ ಇದೇ ಮಾಹಿತಿಯನ್ನು ನೀವೇ ಕೇಳಬಹುದು, ಯಾರೂ ಬೇಡ ಅನ್ನಲ್ಲ. ಕಂಪನಿ ತಾನೇ ನಡೆಸುವ ಅಂಗಡಿಗಳು ಎಷ್ಟು, ಅವುಗಳ ಲೆಕ್ಕ ಹೇಗಿದೆ ಅಂತಲೂ ಕೇಳಿ. ಸ್ವಂತಕ್ಕೆ ಒಂದೂ ಅಂಗಡಿ ಇಟ್ಟುಕೊಳ್ಳದೆ ಬರೀ ಫ್ರಾಂಚೈಸಿ ಮಾರುವ ಕಂಪನಿಯನ್ನು ನಾನಂತೂ ನಂಬುವುದಿಲ್ಲ.

ಕೊನೆಗೆ ಹೊರಬರುವ ದಾರಿ. ನಾವು ಮುಚ್ಚುತ್ತೇವೆ ಅಂದಾಗ ಉಳಿದ ಅವಧಿಯ ರಾಯಲ್ಟಿ ಪೂರ್ತಿ ಕಟ್ಟಿ ಅಂದರು. ಅಂಗಡಿ ಬಾಡಿಗೆಯ ಲಾಕ್-ಇನ್ ಬೇರೆ, ಅಂದರೆ ಇಂತಿಷ್ಟು ಕಾಲ ಬಿಟ್ಟು ಹೋಗುವ ಹಾಗಿಲ್ಲ ಅನ್ನುವ ಷರತ್ತು. ಮೆಷಿನ್ನುಗಳನ್ನು ಕಂಪನಿಯ ಒಪ್ಪಿಗೆ ಇಲ್ಲದೆ ಮಾರುವ ಹಾಗಿಲ್ಲ. ಒಪ್ಪಿಗೆ ಕೇಳಿದರೆ ಉತ್ತರವೇ ಇಲ್ಲ. ವ್ಯಾಜ್ಯ ಬಂದರೆ ಆರ್ಬಿಟ್ರೇಷನ್, ಅಂದರೆ ಕೋರ್ಟಿನ ಬದಲು ಮಧ್ಯಸ್ಥರ ಮುಂದಿನ ವಿಚಾರಣೆ, ನಡೆಯಬೇಕಾದದ್ದು ಅವರ ಊರಿನಲ್ಲಿ. ಎಲ್ಲಕ್ಕಿಂತ ಭಾರವಾದದ್ದು ವೈಯಕ್ತಿಕ ಜಾಮೀನು. ಸಹಿಯ ದಿನ ಅಗ್ರಿಮೆಂಟಿನ ಕಟ್ಟಿನ ಜೊತೆ ಒಂದೇ ಪುಟದ ಕಾಗದ ಇಟ್ಟಿದ್ದರು, ಎಲ್ಲರೂ ಮಾಡುವ ಫಾರ್ಮಾಲಿಟಿ ಅಂತ. ವ್ಯಾಪಾರದ ಬಾಕಿಯನ್ನು ಅಕ್ಕನ ಸ್ವಂತ ಮನೆಯ ತನಕ ತಂದು ನಿಲ್ಲಿಸಿದ್ದು ಆ ಒಂದು ಪುಟ. ಈಗ ನೋಟಿಸ್ ಬಂದಿದೆ, ನಮ್ಮ ವಕೀಲರು ಉತ್ತರ ಕೊಟ್ಟಿದ್ದಾರೆ.

ಅಗ್ರಿಮೆಂಟಿನ ಕರಡು ಈಗಾಗಲೇ ನಿಮ್ಮ ಕೈಯಲ್ಲಿದ್ದರೆ ಇವತ್ತೇ ಜಾಮೀನಿನ ಪುಟ ಮತ್ತು ರದ್ದತಿಯ ಷರತ್ತು ತೆಗೆದು ಓದಿ. ಶುಲ್ಕ ಕಟ್ಟುವ ಮುಂಚೆ, ಕಂಪನಿಗೆ ಸಂಬಂಧವಿಲ್ಲದ ವಕೀಲರಿಗೆ ತೋರಿಸಿ. ಎಕ್ಸೆಲ್ ಹಾಳೆಯಲ್ಲಿ ವ್ಯಾಪಾರವನ್ನು ಅರ್ಧಕ್ಕೆ ಇಳಿಸಿ, ಬಡ್ಡಿ, ರಿಪೇರಿ, ನಿಮ್ಮ ಸಂಬಳ ಸೇರಿಸಿ, ಕೈಯಲ್ಲಿರುವ ದುಡ್ಡು ಎಷ್ಟು ತಿಂಗಳು ಬರುತ್ತದೆ ನೋಡಿ. ಜಾಮೀನಿಗೆ ಮೊತ್ತದ ಮಿತಿ, ಮಧ್ಯದಲ್ಲಿ ಬಿಟ್ಟರೆ ಕಟ್ಟಬೇಕಾದ ಹಣಕ್ಕೆ ಮಿತಿ, ಮೆಷಿನ್ ಮಾರುವ ಸ್ವಾತಂತ್ರ್ಯ, ಈ ಮೂರನ್ನು ಬರೆದು ಕೇಳಿ. ನಮ್ಮದು ಎಲ್ಲರಿಗೂ ಒಂದೇ ಅಗ್ರಿಮೆಂಟ್, ಒಂದಕ್ಷರ ಬದಲಾಗಲ್ಲ ಅಂದರೆ, ಈ ವಾರವೇ ಕಟ್ಟಿದರೆ ಶುಲ್ಕದಲ್ಲಿ ಕಡಿತ ಅಂತ ಎಷ್ಟೇ ಅವಸರ ಮಾಡಿದರೂ ದುಡ್ಡು ಕಳಿಸಬೇಡಿ.