ನರಾಚಿಯಲ್ಲಿ ಗೆದ್ದು ಬೊಂಬಾಯಿಯಲ್ಲಿ ಸೋತ ‘ಕೆ.ಜಿ.ಎಫ್’

2018ರ ಡಿಸೆಂಬರ್ 21ರಂದು ಶಾರುಖ್ ಖಾನರ ‘ಝೀರೋ’ ಚಿತ್ರದ ಜೊತೆಗೇ ತೆರೆಗೆ ಬಂದ ‘ಕೆ.ಜಿ.ಎಫ್: ಚಾಪ್ಟರ್ 1’ ಬಗ್ಗೆ ಮುಂಬೈ ಕನ್ನಡಿಗರಲ್ಲಿ ವಿಶೇಷ ಅಭಿಮಾನವಿದೆ. ಆ ಅಭಿಮಾನವನ್ನು ಬದಿಗಿಟ್ಟು ನೋಡಿದರೆ, ಪ್ರಶಾಂತ್ ನೀಲ್ ನಿರ್ದೇಶನದ ಈ ಚಿತ್ರದಲ್ಲಿ ಅತ್ಯಂತ ಸಡಿಲವಾಗಿರುವುದು ನಮ್ಮ ಊರಿನಲ್ಲಿ ನಡೆಯುವ ಭಾಗವೇ.

ಕಥೆಯ ಬೊಂಬಾಯಿ 1970ರ ದಶಕದ್ದು. 1968ರ ಚಿನ್ನ ನಿಯಂತ್ರಣ ಕಾಯ್ದೆಯು ಜನಸಾಮಾನ್ಯರು ಗಟ್ಟಿ ಚಿನ್ನ ಇಟ್ಟುಕೊಳ್ಳುವುದನ್ನೇ ನಿಷೇಧಿಸಿದ್ದರಿಂದ ಕಳ್ಳಸಾಗಣೆಯ ಬಿಸ್ಕತ್ತುಗಳಿಗೆ ಇಲ್ಲಿ ಭಾರೀ ಗಿರಾಕಿಯಿದ್ದ ಕಾಲವದು. ಅಪರಾಧ ಕಥನಕ್ಕೆ ಇದಕ್ಕಿಂತ ಒಳ್ಳೆಯ ಸರಕು ಬೇಕೆ? ಆದರೆ ದೋಣಿಯಿಂದಿಳಿದ ಚಿನ್ನ ಝವೇರಿ ಬಜಾರಿನವರೆಗೆ ಹೇಗೆ ಸಾಗುತ್ತಿತ್ತು, ಯಾರ ಕೈ ಬಿಸಿ ಮಾಡಲಾಗುತ್ತಿತ್ತು ಎಂಬ ಕಸುಬಿನ ವಿವರಗಳ ಬದಲು ನಮಗೆ ಸಿಗುವುದು ನಾಯಕ ರಾಕಿಯ (ಯಶ್) ಒಂದರ ಹಿಂದೊಂದು ಬಿಲ್ಡಪ್ ಮಾತ್ರ. ಅವನ ಧಣಿಯ ಹೆಸರು ಶೆಟ್ಟಿ ಎಂಬುದೊಂದೇ ಇಲ್ಲಿನ ಕರಾವಳಿಯವರಿಗೆ ಪರಿಚಿತವೆನಿಸುವ ಸಂಗತಿ! ರಸ್ತೆಗೆ ಬಿದ್ದ ಬನ್ನನ್ನು ಎತ್ತಿಕೊಳ್ಳಲಾಗದ ಬಾಣಂತಿಗಾಗಿ ರಾಕಿ ವಾಹನಗಳನ್ನೆಲ್ಲ ತಡೆದು ನಿಲ್ಲಿಸುವ ದೃಶ್ಯ ಮಾತ್ರ ಇದಕ್ಕೆ ಅಪವಾದ. ಅಲ್ಲಿ ಯಶ್ ಅವರ ಅಭಿನಯಕ್ಕೂ ತೂಕವಿದೆ.

ರಾಕಿ ಅಲ್ಲಿಂದ ನರಾಚಿ ಎಂಬ ಕಾಲ್ಪನಿಕ ಚಿನ್ನದ ಗಣಿಗೆ ಕಾಲಿಟ್ಟ ಕೂಡಲೇ ಚಿತ್ರದ ಹದವೇ ಬದಲಾಗುತ್ತದೆ. ಕಾವಲು ಎಲ್ಲಿದೆ, ಸುರಂಗ ಎಲ್ಲಿ ತೆರೆದುಕೊಳ್ಳುತ್ತದೆ, ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಿರ್ದೇಶಕರು ಮೊದಲೇ ನಮ್ಮ ಮನಸ್ಸಿನಲ್ಲಿ ಕೂರಿಸುವುದರಿಂದ, ಬೊಂಬಾಯಿಯಲ್ಲಿ ಬರಿಯ ಆರ್ಭಟವಾಗಿದ್ದ ಹೊಡೆದಾಟಕ್ಕೆ ಇಲ್ಲಿ ಕಾರಣವೂ ಭಯವೂ ಕೂಡಿಬರುತ್ತವೆ. ಕಣ್ಣು ಕಾಣದ ಕೂಲಿಯಾಳನ್ನು ಉಳಿಸಲು ರಾಕಿ ಕಾವಲುಗಾರರ ಮೇಲೆ ಬೀಳುವ ಸನ್ನಿವೇಶ ಬರುವ ಹೊತ್ತಿಗೆ ಪ್ರೇಕ್ಷಕರೇ ಆ ಏಟಿಗಾಗಿ ಕಾಯುತ್ತಿರುತ್ತಾರೆ. ಚಿನ್ನ ತೆಗೆದ ಮೇಲೆ ಉಳಿದ ಗಣಿತ್ಯಾಜ್ಯದ ರಾಶಿಗಳಾದ ಕೋಲಾರದ ಸಯನೈಡ್ ದಿಬ್ಬಗಳ ಬೋಳು ನೆಲವನ್ನು ಭುವನ್ ಗೌಡರ ಛಾಯಾಗ್ರಹಣ ಮಸಿ ಮತ್ತು ಧೂಳಿನ ಬಣ್ಣಗಳಲ್ಲೇ ಹಿಡಿದಿಟ್ಟಿದೆ. ರಾಮಚಂದ್ರ ರಾಜು ಅವರ ಖಳನಾಯಕ ಗರುಡ ಹೆಚ್ಚು ಮಾತನಾಡದೆ ಹೆದರಿಸುತ್ತಾನೆ. ಸಾಹಸ ಸಂಯೋಜನೆಗೂ ವಿಶೇಷ ಪರಿಣಾಮಗಳಿಗೂ 66ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಬಂದದ್ದು ನ್ಯಾಯವಾದದ್ದೇ.

ಸಂಕಲನದ ಬಗ್ಗೆ ತಕರಾರಿದೆ. ಏಟು ಬೀಳುವ ಮೊದಲೇ ದೃಶ್ಯ ತುಂಡಾಗುವುದರಿಂದ ಯಾರು ಯಾರಿಗೆ ಹೊಡೆದರೆಂಬುದು ಹಲವು ಕಡೆ ತಿಳಿಯುವುದಿಲ್ಲ. ಅನಂತ್ ನಾಗ್ ಅವರ ಧ್ವನಿ ಕಥೆಗೆ ಗಾಂಭೀರ್ಯ ತಂದರೂ, ಕಣ್ಣೆದುರಿಗೇ ಇರುವುದನ್ನು ಮತ್ತೆ ಮತ್ತೆ ಬಣ್ಣಿಸುತ್ತದೆ. ರವಿ ಬಸ್ರೂರು ಅವರ ಹಿನ್ನೆಲೆ ಸಂಗೀತ ಕೆಲವೆಡೆ ಸಂಭಾಷಣೆಯನ್ನೇ ನುಂಗಿಹಾಕಿದೆ. ಶ್ರೀನಿಧಿ ಶೆಟ್ಟಿಯವರ ಪಾತ್ರಕ್ಕೆ ಬರವಣಿಗೆಯ ಬೆಂಬಲವೇ ಇಲ್ಲ.

ಇಲ್ಲಿನವರು ಹಿಂದಿ ಅವತರಣಿಕೆಯನ್ನು ನೋಡಿದ್ದರೂ ಕನ್ನಡದ್ದನ್ನು ಮತ್ತೊಮ್ಮೆ ನೋಡಬಹುದು. ತಮನ್ನಾ ಹೆಜ್ಜೆ ಹಾಕಿದ ‘ಜೋಕೆ’ ಹಾಡಿನ ಜಾಗದಲ್ಲಿ ಹಿಂದಿಯಲ್ಲಿ ಮೌನಿ ರಾಯ್ ಅವರ ‘ಗಲಿ ಗಲಿ’ ಇದೆ. ಎರಡೂ ಹಳೆಯ ಹಾಡುಗಳ ಹೊಸ ರೂಪಗಳು, ಎರಡೂ ಕಥೆಯನ್ನು ತಡೆದು ನಿಲ್ಲಿಸುತ್ತವೆ. ಆದರೆ ತಾಯಿಯ ಪಾತ್ರದಲ್ಲಿ ಅರ್ಚನಾ ಜೋಯಿಸ್ ಆಡುವ ಮಾತುಗಳ ಬಿಸಿ ಕನ್ನಡದಲ್ಲಿ ಕೇಳಿದಾಗಲೇ ತಟ್ಟುತ್ತದೆ.