ಪಾದಯಾತ್ರೆಗೆ ಕೈಯಲ್ಲಿ ಏನಿರಬೇಕು? ಬಿದಿರು ಕೋಲೋ, ಪೆಪ್ಪರ್ ಸ್ಪ್ರೇಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಿದಿರು ಕೋಲಿಗೆ. ಮೇದರ ಅಂಗಡಿಯಲ್ಲಿ 120 ರೂಪಾಯಿ ಕೊಟ್ಟು ತಂದದ್ದು. ಪೆಪ್ಪರ್ ಸ್ಪ್ರೇ, ಮಡಚುವ ಟ್ರೆಕಿಂಗ್ ಪೋಲು, ಚಾಕು, ಸೀಟಿ, ಟಾರ್ಚು ಇವನ್ನೂ ಹೊತ್ತು ನಡೆದು ನೋಡಿದ್ದೇನೆ. ಶಿವರಾತ್ರಿ ಹತ್ತಿರ ಬಂತು ಅಂದರೆ ಬೆಂಗಳೂರಿಂದ ಧರ್ಮಸ್ಥಳಕ್ಕೆ ನಡೆದು ಹೋಗುವವರು ಕೇಳೋದಕ್ಕೆ ಶುರು ಮಾಡುತ್ತಾರೆ. ಅದರಲ್ಲೂ ಮೊದಲ ಸಲ ಹೊರಟ ಹೆಣ್ಣುಮಕ್ಕಳದ್ದು ಒಂದೇ ಪ್ರಶ್ನೆ: “ಅಕ್ಕಾ, ಸೇಫ್ಟಿಗೆ ಏನಿಟ್ಕೊಳ್ಲಿ?” ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಯಾವುದರಿಂದ ಕಾಪಾಡಿಕೊಳ್ಳಬೇಕು ಅನ್ನೋದು ಮೊದಲು ಗೊತ್ತಿರಬೇಕು. ನಾವು ಹೋಗುವುದು ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದು ಉಜಿರೆ ಸೇರುವ ದಾರಿ. ಹತ್ತಿರ ಹತ್ತಿರ 300 ಕಿಲೋಮೀಟರ್. ಬಿಸಿಲು ತಡೆಯೋಕಾಗಲ್ಲ ಅಂತ ಬೆಳಗಿನ ಜಾವ ಮೂರಕ್ಕೇ ಹೊರಡುತ್ತೇವೆ. ಮನೆಯವರಿಗೆ ಕಳ್ಳರ ಭಯ. ಆದರೆ ಆ ಹೊತ್ತಲ್ಲಿ ರಸ್ತೆಯಲ್ಲಿ ನಿಜವಾಗಿ ಎದುರಾಗೋದು ಊರ ನಾಯಿಗಳು, ಆಮೇಲೆ ವೇಗವಾಗಿ ಬರುವ ಲಾರಿಗಳು. ಬೇಲೂರು ದಾಟಿದ ಮೇಲೆ ಆನೆ. ಮನುಷ್ಯರ ಭಯ ಇಲ್ಲವೇ ಇಲ್ಲ ಅಂತಲ್ಲ, ಆದರೆ ಶಿವರಾತ್ರಿ ಸಮಯದಲ್ಲಿ ಹಿಂದೆ ಮುಂದೆ ಯಾತ್ರಿಗಳ ಗುಂಪು ಇದ್ದೇ ಇರುತ್ತದೆ.

ಸ್ಪ್ರೇ ಕೊಂಡದ್ದು ಚಿಕ್ಕಪ್ಪನ ಒತ್ತಾಯಕ್ಕೆ. 350 ರೂಪಾಯಿ. ಅಂಗೈಯಲ್ಲಿ ಹಿಡಿಸುವ ಡಬ್ಬಿ, ತೂಕವೇ ಇಲ್ಲ, ನೋಡೋಕೆ ಧೈರ್ಯ ಬರುತ್ತೆ. ಬ್ಯಾಗಿನ ಪಕ್ಕದ ಜೇಬಲ್ಲಿ, ಕೈಗೆ ಸಿಗುವ ಹಾಗೆ ಇಡಿ ಅಂತ ಅಂಗಡಿಯವರು ಹೇಳಿದ್ದರು. ಹಾಗೇ ಇಟ್ಟಿದ್ದೆ. ಹಾಸನದವರೆಗೆ ಏನೂ ತೊಂದರೆ ಇಲ್ಲ.

ಮೂಡಿಗೆರೆ ದಾಟಿ ಕೊಟ್ಟಿಗೆಹಾರದ ಕಡೆ ನಡೆಯುತ್ತಿದ್ದಾಗ ಬೆವರು ಒರೆಸಿಕೊಳ್ಳೋಣ ಅಂತ ಅದೇ ಜೇಬಲ್ಲಿದ್ದ ಟವೆಲ್ ತೆಗೆದು ಮುಖಕ್ಕೆ ಒತ್ತಿದೆ. ಒಂದೆರಡು ಕ್ಷಣ ಏನೂ ಇಲ್ಲ. ಆಮೇಲೆ ಹಣೆ, ರೆಪ್ಪೆ, ಮೂಗಿನ ಪಕ್ಕ ಬೆಂಕಿ ಇಟ್ಟ ಹಾಗಾಯಿತು. ಕಣ್ಣು ಬಿಡೋಕೇ ಆಗಲಿಲ್ಲ. ಡಬ್ಬಿಯ ಮುಚ್ಚಳ ಹಾಕಿದ ಹಾಗೇ ಇತ್ತು, ಲಾಕು ಲಾಕಾಗೇ ಇತ್ತು. ಆದರೂ ಮೂತಿಯ ಬುಡದಿಂದ ಜಿನುಗಿ ಟವೆಲಿನ ಒಂದು ಮೂಲೆಯಲ್ಲಿ ಕಿತ್ತಳೆ ಬಣ್ಣದ ಜಿಡ್ಡು ಕಲೆ ಆಗಿತ್ತು. 50 ಡಿಗ್ರಿಗಿಂತ ಜಾಸ್ತಿ ಬಿಸಿ ತಾಗಬಾರದು ಅಂತ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ದಿನವಿಡೀ ಬಿಸಿಲಲ್ಲಿ ನಡೆಯುವವರ ಬ್ಯಾಗಿನ ಹೊರಜೇಬಲ್ಲಿ ಇಡೋ ವಸ್ತು ಇದಲ್ಲ, ಅಲ್ವಾ?

ಅತ್ತಿಗೆ ಗಾಬರಿಯಾಗಿ ಬಾಟಲಿ ನೀರು ಸುರಿದರು. ಉರಿ ಹೋಗುವ ಬದಲು ಕತ್ತಿಗೆ, ಎದೆಗೆ ಇಳಿಯಿತು. ಸ್ಪ್ರೇಯಲ್ಲಿರೋದು ಮೆಣಸಿನಕಾಯಿಯಿಂದ ತೆಗೆದ ಓಲಿಯೋರೆಸಿನ್. ಅದು ಎಣ್ಣೆಯ ಜಾತಿ, ಬರೀ ನೀರಿಗೆ ಬಿಡಲ್ಲ. ಬ್ಯಾಡಗಿ ಮೆಣಸಿನ ಹಾಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನೋ ಸೌಮ್ಯ ಸ್ವಭಾವವೂ ಇದಕ್ಕಿಲ್ಲ. ರಸ್ತೆ ಬದಿಯ ಅಂಗಡಿಯ ಅಮ್ಮ ಒಬ್ಬರು ಶಾಂಪೂ ಸ್ಯಾಷೆ ಹರಿದು ಕೊಟ್ಟು, “ಉಜ್ಬೇಡ ಮಗಾ, ನೊರೆ ಮಾಡಿ ತೊಳ್ಕೊ” ಅಂದರು. ಚರ್ಮಕ್ಕೆ ನೊರೆ, ಕಣ್ಣಿಗೆ ಬರೀ ನೀರು. ಹೀಗೆ ತೊಳೆದೂ ತೊಳೆದೂ ಅರ್ಧ ಗಂಟೆ ಮೇಲೆ ಕಣ್ಣು ಬಿಟ್ಟೆ.

ಅಲ್ಲಿಗೆ ಮುಗಿಯಲಿಲ್ಲ. ಜೇಬಿಗೆ ತಾಗಿದ್ದ ನೀರಿನ ಬಾಟಲಿಗೂ ಅಂಟಿತ್ತು. ಮಾರನೇ ದಿನ ನೀರು ಕುಡಿದರೆ ತುಟಿ ಉರಿ. ಬ್ಯಾಗಿನ ಪಟ್ಟಿ ಮುಟ್ಟಿದ ಕೈ ಕಣ್ಣಿಗೆ ಹೋದರೆ ಮತ್ತೆ ಉರಿ. ಊರಿಗೆ ಬಂದ ಮೇಲೆ ಸೋಪಿನ ಪುಡಿಯಲ್ಲಿ ನೆನೆಸಿಟ್ಟು ಒಗೆದರೂ ಆ ಜೇಬಲ್ಲಿ ಈಗಲೂ ಊಟದ ಸಾಮಾನು ಇಡೋಕೆ ಮನಸ್ಸಾಗಲ್ಲ. ಕಳ್ಳನಿಗೆ ಅಂತ ತಂದದ್ದು ನಮಗೇ ಸಿಕ್ಕಿತು ಅನ್ನೋದೇ ನನ್ನ ಸಿಟ್ಟು.

ನಾಯಿಗಳ ಮುಂದೆಯೂ ಒಮ್ಮೆ ಒತ್ತಿ ನೋಡಿದ್ದೇನೆ, ಚನ್ನರಾಯಪಟ್ಟಣದ ಹತ್ತಿರ. ಹತ್ತಿರ ಬಂದಿದ್ದ ನಾಯಿ ಸೀನಿ ಹಿಂದೆ ಸರಿಯಿತು. ಉಳಿದವು ಬೊಗಳುತ್ತಲೇ ಇದ್ದವು. ಗಾಳಿ ನಮ್ಮ ಕಡೆ ಇದ್ದಿದ್ದರಿಂದ ಅತ್ತಿಗೆಗೆ ಕೆಮ್ಮು ಹಿಡಿಯಿತು. ಸಣ್ಣ ಡಬ್ಬಿಗಳು ಹಾರುವುದೇ ಆರರಿಂದ ಹತ್ತು ಅಡಿ. ಕತ್ತಲಲ್ಲಿ ಮೂತಿ ಯಾವ ಕಡೆ ಇದೆ ಅಂತ ಬೆರಳಲ್ಲಿ ತಡಕಬೇಕು. ಇನ್ನೊಂದು ಮಾತು. ತನ್ನ ಬೀದಿ ಕಾಯುವ ನಾಯಿಯ ಕಣ್ಣಿಗೆ ಖಾರ ಹೊಡೆಯೋದು ನನಗೆ ಸರಿ ಕಾಣಲಿಲ್ಲ. ಅದರ ಬೀದಿ ದಾಟಿದರೆ ಅದೇ ಸುಮ್ಮನಾಗುತ್ತದೆ.

ಇನ್ನು ಕೋಲು. ಒಳಗೆ ಟೊಳ್ಳು ಇಲ್ಲದ ಗಟ್ಟಿ ಬಿದಿರು ಕೇಳಿ ತಗೊಳ್ಳಿ. ಎದೆಯ ಎತ್ತರ ಸಾಕು. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ ಇರಲಿ, ಗಿಣ್ಣುಗಳು ಹತ್ತಿರ ಹತ್ತಿರ ಇರಲಿ. ನಾನು ಗಿಣ್ಣುಗಳನ್ನು ಉಪ್ಪು ಕಾಗದದಲ್ಲಿ ಉಜ್ಜಿ ನುಣುಪು ಮಾಡಿಕೊಂಡೆ, ಇಲ್ಲಾಂದರೆ ಅಂಗೈಯಲ್ಲಿ ಬೊಬ್ಬೆ ಬರುತ್ತೆ. ಹಿಡಿಯುವ ಜಾಗಕ್ಕೆ ಹಳೇ ಸೈಕಲ್ ಟ್ಯೂಬ್ ಸೀಳಿ ಬಿಗಿಯಾಗಿ ಸುತ್ತಿದೆ. ತುದಿಗೆ ವಯಸ್ಸಾದವರ ವಾಕಿಂಗ್ ಸ್ಟಿಕ್ಕಿಗೆ ಹಾಕುವ ರಬ್ಬರ್ ಬುಷ್, ಮೆಡಿಕಲ್ ಶಾಪಲ್ಲಿ 30 ರೂಪಾಯಿ. ರಬ್ಬರ್ ಇಲ್ಲದಿದ್ದರೆ ಡಾಂಬರಿಗೆ ತಾಗಿ ತಾಗಿ ತುದಿ ಸಿಗಿದು ಪೊರಕೆ ಕಡ್ಡಿ ಆಗುತ್ತದೆ.

ನಾಯಿ ಬಂದರೆ ಕೋಲು ಎತ್ತಬೇಡಿ. ಎತ್ತಿದರೆ ಹೊಡೆಯೋಕೆ ಬಂದರು ಅಂತ ಅದಕ್ಕೆ ಇನ್ನೂ ರೋಷ. ತುದಿ ಕೆಳಗೆ ಮಾಡಿ ನಿಮಗೂ ಅದಕ್ಕೂ ನಡುವೆ ಚಾಚಿ ಹಿಡಿಯಿರಿ. ನೆಲಕ್ಕೆ ಎರಡು ಸಲ ತಟ್ಟಿ. ಓಡಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಪಕ್ಕಕ್ಕೆ ತಿರುಗಿ ನಿಧಾನ ಹೆಜ್ಜೆ ಹಾಕುತ್ತಾ ದಾಟಿ. ಎರಡು ಕಡೆಯಿಂದ ಬಂದರೆ ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ನಡೆಯೋದು. ಕೈಯಲ್ಲಿ ಕೋಲು ಇಲ್ಲದಾಗ ಕಲ್ಲು ಹೆಕ್ಕುವ ಹಾಗೆ ಬಗ್ಗಿದರೂ ಬಹುತೇಕ ಬೀದಿ ನಾಯಿಗಳು ಹಿಂದೆ ಸರಿಯುತ್ತವೆ. ಕೋಲಿನಿಂದ ನಾನು ಯಾವ ನಾಯಿಗೂ ಹೊಡೆದಿಲ್ಲ. ಹೊಡೆಯಬೇಕಾಗಿ ಬಂದೇ ಇಲ್ಲ.

ಕೋಲಿನ ಇನ್ನೊಂದು ಲಾಭ ಚಾರ್ಮಾಡಿಯಲ್ಲಿ ಗೊತ್ತಾಗುತ್ತದೆ. ಅಷ್ಟು ದಿನ ನಡೆದು ಸುಸ್ತಾದ ಮಂಡಿಗೆ ಇಳಿಜಾರೇ ದೊಡ್ಡ ಶತ್ರು. ಸ್ಪ್ರೇ ಡಬ್ಬಿ ಊರಿಕೊಂಡು ಘಾಟಿ ಇಳಿಯೋಕಾಗಲ್ಲ.

ಆ ಲೆಕ್ಕದಲ್ಲಿ ಟ್ರೆಕಿಂಗ್ ಪೋಲು ಕೋಲಿಗಿಂತ ಹಗುರ, ಬಸ್ಸಲ್ಲಿ ಮಡಚಿ ಇಡಬಹುದು. ನಾನು 900 ರೂಪಾಯಿಯದ್ದು ತಂದಿದ್ದೆ, ತಿರುಗಿಸಿ ಬಿಗಿ ಮಾಡುವ ಜಾತಿ. ಭಾರ ಹಾಕಿದಾಗ ಒಂದು ಭಾಗ ಸರ್ರನೆ ಒಳಗೆ ಜಾರುತ್ತಿತ್ತು. ಕೊಳ್ಳೋದಾದರೆ ಹೊರಗಡೆ ಕ್ಲಿಪ್ ಒತ್ತಿ ಲಾಕ್ ಮಾಡುವುದನ್ನೇ ಕೊಳ್ಳಿ. ಬೆಟ್ಟಕ್ಕೆ ಒಳ್ಳೇದು. ನಾಯಿ ಬಾಯಿ ಹಾಕಿ ಎಳೆದರೆ ತೆಳು ಅಲ್ಯೂಮಿನಿಯಂ ಬಾಗುತ್ತದೆ.

ಚಾಕು ಬೇಡ. ಹಣ್ಣು ಕುಯ್ಯುವ ಸಣ್ಣದು ಇದ್ದರೆ ಇರಲಿ, ಅದನ್ನು ರಕ್ಷಣೆ ಅಂತ ಲೆಕ್ಕಕ್ಕೆ ಹಿಡಿಯಬೇಡಿ. ಅದು ಕೆಲಸಕ್ಕೆ ಬರಬೇಕಾದರೆ ಎದುರಿಗಿರುವವರು ಮೈಮೇಲೆ ಬಿದ್ದಿರಬೇಕು, ಅಷ್ಟೊತ್ತಿಗೆ ಅದನ್ನು ಅವರೇ ಕಸಿದುಕೊಳ್ಳಬಹುದು. ಕಾಡಿನ ಚಾರಣಕ್ಕೆ ಹೋಗುವವರು ಇನ್ನೊಂದನ್ನು ನೆನಪಿಡಿ. ಕುಮಾರಪರ್ವತ ಇರೋದು ಪುಷ್ಪಗಿರಿ ವನ್ಯಜೀವಿಧಾಮದೊಳಗೆ, ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥ ಕಡೆ ಅನುಮತಿ ಇಲ್ಲದೆ ಆಯುಧ ಒಯ್ಯುವ ಹಾಗಿಲ್ಲ. ಪ್ರಾಣಿಗಳಿಗೆ ಹಾನಿ ಮಾಡುವ ರಾಸಾಯನಿಕ, ಸಿಡಿಮದ್ದು ಬಳಸುವ ಹಾಗೂ ಇಲ್ಲ. ಆನೆ ಓಡಿಸೋಕೆ ಅಂತ ಪಟಾಕಿ ಇಟ್ಟುಕೊಂಡು ಹೋಗುವ ಹುಡುಗರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಪಟಾಕಿಗೆ ಬೆದರಿದ ಆನೆ ಯಾವ ಕಡೆ ನುಗ್ಗುತ್ತದೆ ಅಂತ ಯಾರೂ ಹೇಳೋಕಾಗಲ್ಲ.

ಸೀಟಿ 40 ರೂಪಾಯಿ. ಕೊರಳಲ್ಲಿರಲಿ.

ಟಾರ್ಚಲ್ಲಿ ಮಾತ್ರ ಜಿಪುಣತನ ಬೇಡ. ಹಣೆಗೆ ಕಟ್ಟುವ ಹೆಡ್‌ಲ್ಯಾಂಪ್ ಆದರೆ ಕೋಲಿಗೆ ಕೈ ಖಾಲಿ ಇರುತ್ತದೆ. ಜೊತೆಗೆ ಹೊಳೆಯುವ ಪಟ್ಟಿಯ ಜಾಕೆಟ್, ರಸ್ತೆ ಕೆಲಸದವರು ಹಾಕಿಕೊಳ್ಳೋ ಅಂಥದ್ದು. ಹೆದ್ದಾರಿಯಲ್ಲಿ ಮುಂಜಾನೆ ಪ್ರಾಣ ಉಳಿಸುವುದು ಸ್ಪ್ರೇಗಿಂತ, ಕೋಲಿಗಿಂತ ಈ ಜಾಕೆಟ್ಟೇ. ಎದುರಿಂದ ಬರುವ ವಾಹನ ಕಾಣುವ ಹಾಗೆ ಬಲಗಡೆ ಅಂಚಿನಲ್ಲಿ, ಒಬ್ಬರ ಹಿಂದೆ ಒಬ್ಬರು ನಡೆಯಿರಿ.

ಆನೆಗೆ ಮೇಲಿನ ಯಾವುದೂ ಉತ್ತರ ಅಲ್ಲ. ಬೇಲೂರು, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಆನೆ ಓಡಾಡುವುದು ಅಲ್ಲಿಯವರಿಗೆ ದಿನದ ಮಾತು. ಅಲ್ಲಿ ರಕ್ಷಣೆ ಅಂದರೆ ಊರವರನ್ನು ಕೇಳೋದು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುತ್ತಾ “ನಾಳೆ ಮೂರಕ್ಕೆ ಘಾಟಿ ಇಳೀತೀವಿ” ಅಂದಾಗ ಹೋಟೆಲಿನವರು ಕೈ ಅಡ್ಡ ಹಿಡಿದರು. “ಬೇಡಿ ಅಕ್ಕಾ, ನಿನ್ನೆ ರಾತ್ರಿ ರಸ್ತೆಗೇ ಬಂದಿತ್ತು. ಬೆಳಕು ಹರೀಲಿ, ನಾಲ್ಕು ಗಾಡಿ ಓಡಾಡ್ಲಿ, ಆಮೇಲೆ ಹೊರಡಿ.” ಹಾಗೇ ಮಾಡಿದೆವು. ಬಿಸಿಲು ಜಾಸ್ತಿ ತಿಂದೆವು, ಆದರೂ ಆ ಮಾತಿಗೆ ಬೆಲೆ ಕಟ್ಟೋಕಾಗಲ್ಲ.

ಹಾಗಾದರೆ ಸ್ಪ್ರೇ ಯಾರಿಗೆ? ಒಬ್ಬರೇ ನಡೆಯುವವರಿಗೆ, ಶಿವರಾತ್ರಿ ಸಮಯ ಬಿಟ್ಟು ಬೇರೆ ತಿಂಗಳಲ್ಲಿ ಹೊರಡುವವರಿಗೆ ಅದು ಮನುಷ್ಯರ ಎದುರು ಕೆಲಸಕ್ಕೆ ಬರಬಹುದು. ಅವರು ಅದನ್ನು ಗಟ್ಟಿ ಜಿಪ್ ಕವರಿನೊಳಗೆ ಹಾಕಿ, ಬಿಸಿಲು ಬೀಳದ ಸೊಂಟದ ಚೀಲದಲ್ಲಿಡಲಿ. ಟವೆಲ್, ಬಾಟಲಿ, ತಿಂಡಿಯ ಹತ್ತಿರ ಬೇಡ. ಕತ್ತಲು ಆಗೋ ಮುಂಚೆ ಕವರು ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳಲಿ. ಕೊಂಡ ದಿನವೇ ಬಯಲಲ್ಲಿ, ಗಾಳಿಗೆ ಬೆನ್ನು ಹಾಕಿ ಒಂದು ಸಲ ಒತ್ತಿ ಅಭ್ಯಾಸ ಮಾಡಿಕೊಳ್ಳಲಿ. ವಿಮಾನದಲ್ಲಿ ಬರುವವರು ಕೈಚೀಲದಲ್ಲಿ ತರೋಕಾಗಲ್ಲ. ನನ್ನದು ಈಗ ಮನೆಯಲ್ಲಿದೆ, ಸಂಜೆ ಟ್ಯೂಷನ್ನಿಗೆ ಹೋಗೋ ಅಕ್ಕನ ಮಗಳು ಇಟ್ಟುಕೊಳ್ಳುತ್ತಾಳೆ. ಅವಳ ದಾರಿ ಹತ್ತು ನಿಮಿಷದ್ದು, ಡಬ್ಬಿ ಬಿಸಿಲಿಗೆ ಕಾಯುವುದಿಲ್ಲ.

ನಾನು ಗುಂಪಲ್ಲಿ ನಡೆಯುವವಳು, ಕತ್ತಲಲ್ಲಿ ಹೊರಡುವವಳು, ಖರ್ಚು ಸಾವಿರ ರೂಪಾಯಿ ದಾಟಬಾರದು ಅನ್ನುವವಳು. ಹಾಗಾಗಿ ಕೋಲು, ರಬ್ಬರ್ ಬುಷ್, ಸೀಟಿ, ಹೆಡ್‌ಲ್ಯಾಂಪ್, ಜಾಕೆಟ್. ಎಲ್ಲ ಸೇರಿ 750ರ ಒಳಗೆ ಮುಗಿಯಿತು. ಫೋನಲ್ಲಿ 112 ಎಲ್ಲರಿಗೂ ಗೊತ್ತಿರಲಿ.

ಇಷ್ಟೆಲ್ಲ ಮಾಡಿಯೂ ನಾಯಿ ಕಚ್ಚಿದರೆ, ಪರಚಿದರೂ ಸರಿ, ಅರಿಶಿನ, ಸುಣ್ಣ ಹಚ್ಚಬೇಡಿ. ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅವತ್ತೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಹಾಕಿಸಿಕೊಳ್ಳಿ. ಯಾತ್ರೆ ಮುಗಿಸಿ ನೋಡೋಣ ಅನ್ನಬೇಡಿ. ಮೊದಲ ಡೋಸಿನ ಚೀಟಿ ಜೋಪಾನವಾಗಿಟ್ಟುಕೊಂಡರೆ ಮುಂದಿನ ಡೋಸುಗಳನ್ನು ದಾರಿಯಲ್ಲಿ ಸಿಗುವ ಇನ್ನೊಂದು ಆಸ್ಪತ್ರೆಯಲ್ಲೋ, ಊರಿಗೆ ಬಂದ ಮೇಲೋ ತಪ್ಪದೆ ಹಾಕಿಸಿಕೊಳ್ಳಬಹುದು.